ಅಪ್ಪನ ಕಾರಿಗೊಂದು ಜೋಡಿ ಡಿಸ್ಕ್

ಸಂದರ್ಶನ ಇದ್ದದ್ದು ಗೋವಾದ ವೆರ್ಣಾದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎಂಟು ತಿಂಗಳು ಮನೆಯಲ್ಲಿ ಕೂತವಳಿಗೆ ಬಂದ ಮೂರನೇ ಕರೆ ಅದು. ನಮ್ಮಪ್ಪ ಖಾನಾಪುರದಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ‘ಬಸ್ಸಿನ್ಯಾಗ ಯಾಕ ಹೊಕ್ಕಿ? ನಾನ ಬಿಡ್ತೀನಿ. ಬರೂಮುಂದ ಯಾರರೆ ಗಿರಾಕಿ ಸಿಕ್ಕ ಸಿಗ್ತಾರ’ ಎಂದು ಆರು ಗಂಟೆಗೇ ಕಾರು ಹೊರಗೆ ತೆಗೆದ. ಅವ್ವ ಅಂಗೈಗೆ ಮೊಸರು ಸಕ್ಕರೆ ಹಾಕಿದಳು. ಫೈಲಿನಲ್ಲಿ ಅಂಕಪಟ್ಟಿಯ ಮೂರು ಸೆಟ್ ಜೆರಾಕ್ಸ್ ಇತ್ತು. ಕಾರಿನ ಬ್ರೇಕು ಹೇಗಿದೆ ಎಂದು ಮಾತ್ರ ನಾವಿಬ್ಬರೂ ನೋಡಿರಲಿಲ್ಲ.

ಜಾಂಬೋಟಿ ದಾಟಿ, ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಚಹಾ ಕುಡಿದು, ಚೋರ್ಲಾ ಘಾಟು ಇಳಿಯತೊಡಗಿದೆವು. ಮಳೆ ನಿಂತು ವಾರವಾಗಿತ್ತಷ್ಟೆ. ಕಾಡೆಲ್ಲ ಹಸಿರು, ರಸ್ತೆಯ ಅಂಚಿನಲ್ಲಿ ಇನ್ನೂ ಪಾಚಿ. ಅಪ್ಪನಿಗೊಂದು ಹಳೆಯ ಚಟವಿದೆ. ಇಳಿಜಾರು ಸಿಕ್ಕಿತೆಂದರೆ ಗೇರು ನ್ಯೂಟ್ರಲ್‌ಗೆ ಹೋಗುತ್ತದೆ. ‘ಡೀಸೆಲ್ ಉಳೀತದ’ ಅನ್ನುವುದು ಅವನ ಇಪ್ಪತ್ತು ವರ್ಷದ ಸಿದ್ಧಾಂತ. ಕಾರು ತನ್ನ ಪಾಡಿಗೆ ಜಾರುತ್ತಿತ್ತು, ಅಪ್ಪ ತಿರುವಿಗೊಮ್ಮೆ ಬ್ರೇಕು ಒತ್ತುತ್ತಿದ್ದ.

ಸ್ವಲ್ಪ ಹೊತ್ತಿಗೆ ಏನೋ ಸುಟ್ಟ ವಾಸನೆ. ಕ್ಲಚ್ ಇರಬೇಕು ಅಂದೆ. (ಡಿಪ್ಲೊಮಾದಲ್ಲಿ ಫಸ್ಟ್ ಕ್ಲಾಸ್ ನಾನು!) ಮುಂದಿನ ತಿರುವಿನಲ್ಲಿ ಅಪ್ಪ ಪೆಡಲ್ ಮೇಲೆ ಎದ್ದು ನಿಂತಂತೆ ಒತ್ತುತ್ತಿದ್ದಾನೆ, ಕಾರು ಹಿಡಿಯುತ್ತಿಲ್ಲ. ಅದರ ಮುಂದಿನ ತಿರುವಿಗೆ ಪೆಡಲ್ ಮೆತ್ತಗಾಗಿ, ಹತ್ತಿಯ ದಿಂಬಿನ ಮೇಲೆ ಕಾಲಿಟ್ಟಂತೆ, ತಳಕ್ಕೆ ಕೂತುಬಿಟ್ಟಿತು. ಆಗ ಅಪ್ಪ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಒಂದು ಮಾತಾಡದೆ ಮೂರನೇ ಗೇರು, ಎಂಜಿನ್ ಚೀರಿಕೊಂಡಿತು, ಎರಡನೇ ಗೇರು, ಹ್ಯಾಂಡ್‌ಬ್ರೇಕ್ ಅನ್ನು ಹಲ್ಲು ಹಲ್ಲಾಗಿ ಮೇಲಕ್ಕೆ ಎಳೆಯುತ್ತ ಗುಡ್ಡದ ಬದಿಯ ಚರಂಡಿಗೆ ಎಡಗಡೆ ಗಾಲಿ ಇಳಿಸಿ ನಿಲ್ಲಿಸಿದ. ಬಲಗಡೆ ಕಣಿವೆ ಇತ್ತು. ಇಬ್ಬರೂ ಕೆಳಗಿಳಿದೆವು. ಮುಂದಿನ ಗಾಲಿಗಳಿಂದ ಹೊಗೆ ಏಳುತ್ತಿತ್ತು. ಅಪ್ಪ ನೀರಿನ ಬಾಟಲಿ ತೆಗೆದು ಸುರಿಯಲು ಹೋದಾಗ ಕೈ ಹಿಡಿದೆ. ಕೆಂಪಗೆ ಕಾದ ಬೀಡಿನ ಮೇಲೆ ತಣ್ಣೀರು ಬಿದ್ದರೆ ಅದು ಸೀಳಬಹುದು. ಅಷ್ಟಾದರೂ ನೆನಪಿತ್ತು ನನಗೆ.

ಮುಕ್ಕಾಲು ಗಂಟೆ ಅಲ್ಲೇ ಕೂತೆವು. ಫೈಲಿನ ಹಿಂಬದಿಯಲ್ಲಿ ನಾನೊಂದು ಲೆಕ್ಕ ಮಾಡಿದೆ. ನಮ್ಮಿಬ್ಬರನ್ನೂ ಸೇರಿಸಿ ಕಾರು 1,200 ಕೆ.ಜಿ. ಎಂದುಕೊಳ್ಳಿ. ಅದು 500 ಮೀಟರ್ ಎತ್ತರ ಇಳಿದರೆ ಹೊರಬೀಳುವ ಶಕ್ತಿ ಸುಮಾರು 59 ಲಕ್ಷ ಜೂಲ್. ಹದಿನೆಂಟು ಲೀಟರ್ ತಣ್ಣೀರನ್ನು ಮರಳುವ ತನಕ ಕಾಯಿಸಲು ಅಷ್ಟು ಸಾಕು. ಗೇರಿನಲ್ಲಿ ಇಳಿದಿದ್ದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ನುಂಗುತ್ತಿತ್ತು. ನ್ಯೂಟ್ರಲ್‌ನಲ್ಲಿ ಇಳಿದದ್ದರಿಂದ ಅದರ ದೊಡ್ಡ ಪಾಲು ಊಟದ ತಾಟಿನಷ್ಟು ಅಗಲದ ಎರಡು ಡಿಸ್ಕಿಗೂ ಅಂಗೈಯೊಳಗೆ ಹಿಡಿಸುವ ನಾಲ್ಕು ಪ್ಯಾಡಿಗೂ ಹೋಯಿತು. ತಮಾಷೆಯೆಂದರೆ ಡೀಸೆಲ್ಲೂ ಉಳಿಯಲಿಲ್ಲ. ಈಗಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನೇ ಕಡಿದುಬಿಡುತ್ತವೆ. ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಆರದಂತೆ ಇಷ್ಟಿಷ್ಟೇ ಕುಡಿಯುತ್ತಲೇ ಇರಬೇಕು.

ವೆರ್ಣಾ ಮುಟ್ಟಿದಾಗ ಒಂದು ಗಂಟೆ ದಾಟಿತ್ತು. ಗೇಟಿನಲ್ಲಿದ್ದವರು ರಿಜಿಸ್ಟರ್ ನೋಡಿ, ‘ಇಂಟರ್‌ವ್ಯೂ ಮುಗೀತು’ ಅಂದರು. ವಾಪಸ್ ಬರುವಾಗ ಗಿರಾಕಿ ಸಿಗಲಿಲ್ಲ, ಸಿಕ್ಕಿದ್ದರೂ ಅಪ್ಪ ಹತ್ತಿಸಿಕೊಳ್ಳುತ್ತಿರಲಿಲ್ಲ.

ಮರುದಿನ ಕಾರನ್ನು ನಿಧಾನಕ್ಕೆ ಬೆಳಗಾವಿಗೆ ತಂದೆವು. ಕೋಟೆಯ ಹತ್ತಿರ ಅಪ್ಪನ ಪರಿಚಯದ ಗ್ಯಾರೇಜ್ ಇದೆ. ಅಲ್ಲಿನ ಮಿಸ್ತ್ರಿ ಕಾಕಾಗೆ ಅರವತ್ತು ದಾಟಿದೆ, ಮಾತು ಕಡಿಮೆ. ಪೆಡಲ್ ಹೇಗಾಯಿತು ಎಂದು ಅಪ್ಪನನ್ನು ಕೇಳಿದರು. ‘ಮೊದ್ಲ ಗಟ್ಟಿ ಇತ್ತು, ಹಿಡೀಲಿಲ್ಲ. ಆಮ್ಯಾಲೆ ಮೆತ್ತಗಾತು’ ಅಂದ ಅಪ್ಪ. ಕಾಕಾ ತಲೆಯಾಡಿಸಿ, ‘ಎರಡೂ ಆಗ್ಯಾವ’ ಅಂದರು. ಏನೆರಡು ಎಂದು ನಾನು ಕೇಳಿದ ಮೇಲೆ ಬಿಡಿಸಿ ಹೇಳಿದರು. ಪೆಡಲ್ ಗಟ್ಟಿಯಿದ್ದೂ ಗಾಡಿ ಹಿಡಿಯದಿದ್ದರೆ ಕಾದದ್ದು ಪ್ಯಾಡು. ಅದರೊಳಗಿನ ಅಂಟು ಸುಟ್ಟು ಹೊರಬಂದ ಅನಿಲ ಡಿಸ್ಕಿಗೂ ಪ್ಯಾಡಿಗೂ ನಡುವೆ ಸೇರಿ ಜಾರಿಸುತ್ತದೆ. ಪೆಡಲ್ ಮೆತ್ತಗಾಗಿ ತಳಕ್ಕೆ ಹೋದರೆ ಕುದಿದದ್ದು ಬ್ರೇಕ್ ಆಯಿಲ್. ಆಯಿಲನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಅದಕ್ಕೇ ಕಾಲಿಗೆ ದಿಂಬು ಒತ್ತಿದ ಹಾಗೆ ಅನಿಸುವುದು. ಮೂರು ವರ್ಷ ಓದಿದ ಆಟೊಮೊಬೈಲ್ ಪಾಠದಲ್ಲಿ ‘ಬ್ರೇಕ್ ಫೇಡ್’ ಎಂಬ ಪದಕ್ಕೆ ನಾನು ಎರಡು ಅಂಕದ ಉತ್ತರ ಬರೆದಿದ್ದೆ. ಅದರಲ್ಲಿ ಈ ವ್ಯತ್ಯಾಸ ಇರಲಿಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಕುಡಿಯುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ನಮ್ಮ ಖಾನಾಪುರದ ಕಡೆಯ ಮಳೆಗಾಲ ನಿಮಗೆ ಗೊತ್ತಿರಬೇಕು, ಬಟ್ಟೆ ಒಣಗಲು ವಾರ ಬೇಕು. ನಮ್ಮ ಕಾರಿನ ಆಯಿಲ್ ಬದಲಿಸಿ ಎಷ್ಟು ವರ್ಷವಾಯಿತು ಎಂದು ಕಾಕಾ ಕೇಳಿದಾಗ ಅಪ್ಪ, ‘ಅದನ್ನೂ ಬದಲಿ ಮಾಡ್ತಾರೇನ್ರಿ?’ ಅಂದ.

ಗಾಲಿ ಬಿಚ್ಚಿದರು. ಡಿಸ್ಕಿನ ಮೇಲೆ ಅಲ್ಲಲ್ಲಿ ನವಿಲುಗರಿಯಂಥ ನೀಲಿ ಮಚ್ಚೆ, ವಿಪರೀತ ಕಾದದ್ದರ ಗುರುತು. ಎಡಗಡೆಯ ಒಳಪ್ಯಾಡು ಎರಡು ಮಿ.ಮೀ. ಮಾತ್ರ ಉಳಿದಿತ್ತು, ಅದೇ ಗಾಲಿಯ ಹೊರಪ್ಯಾಡು ಆರು ಮಿ.ಮೀ. ಇತ್ತು. ಕ್ಯಾಲಿಪರ್ ಅತ್ತಿತ್ತ ಜಾರಬೇಕಾದ ಪಿನ್ನು ಜಂಗು ಹಿಡಿದು ಕೂತಿತ್ತು, ಹಾಗಾಗಿ ಒಂದೇ ಬದಿಯ ಪ್ಯಾಡು ದುಡಿದು ಸತ್ತಿತ್ತು. ಆ ಪ್ಯಾಡುಗಳನ್ನು ಹಾಕಿ ಆರು ತಿಂಗಳೂ ಆಗಿರಲಿಲ್ಲ. ಬೆಳಗಾವಿಯ ಒಂದು ಅಂಗಡಿಯಲ್ಲಿ ಅಪ್ಪ ತಂದದ್ದು. ದೊಡ್ಡ ಕಂಪನಿಯ ಹೆಸರಿನ ಡಬ್ಬಿ, ಅರ್ಧ ಬೆಲೆ, ಬಿಲ್ ಇಲ್ಲ. ಕಾಕಾ ಒಂದನ್ನು ನನ್ನ ಕೈಗೆ ಹಾಕಿ ಹಿಂಬದಿಯ ಕಬ್ಬಿಣದ ಪಟ್ಟಿ ತೋರಿಸಿದರು. ಅದರ ಮೇಲೆ ಅಕ್ಷರ, ಅಂಕಿ ಏನೂ ಇರಲಿಲ್ಲ. ‘ಹೆಸರ ಡಬ್ಬಿ ಮ್ಯಾಲಷ್ಟ ಐತಿ ತಂಗಿ, ಮಾಲಿನ ಮ್ಯಾಲೆ ಇಲ್ಲ.’

ಕಾರಿನ ಮಾಡೆಲ್ ಯಾವುದು ಎಂದು ನಾನು ಬರೆಯುವುದಿಲ್ಲ. ಬರೆದರೆ ಆ ಕಂಪನಿಯ ಮೇಲೆ ದೂರು ಹೇಳಿದಂತಾಗುತ್ತದೆ. ತಪ್ಪು ಕಾರಿನದಲ್ಲ, ನಮ್ಮದು.

ಇನ್ನು ಡಿಸ್ಕ್. ‘ಲೇಥ್ ಹೊಡಿಸಿದ್ರ ನಡೀತದ’ ಎಂದು ಅಪ್ಪ ಮೊದಲೇ ತೀರ್ಮಾನಿಸಿದ್ದ. ಮೇಲ್ಮೈ ತುಸು ಕೆತ್ತಿಸಿ ಸಪಾಟು ಮಾಡಿಸಿದರೆ ಹೊಸದರ ಖರ್ಚು ಉಳಿಯುತ್ತದಲ್ಲ. ಒಳ್ಳೆಯ ಡಿಸ್ಕಿನ ಮೇಲೆ ಇಷ್ಟಕ್ಕಿಂತ ತೆಳ್ಳಗಾದರೆ ಬಳಸಬೇಡಿ ಎಂಬ ಅಂಕಿಯನ್ನು ಎರಕದಲ್ಲೇ ಒತ್ತಿರುತ್ತಾರೆ, ‘ಮಿನ್ ಟಿಎಚ್’ ಎಂಬ ಅಕ್ಷರಗಳ ಪಕ್ಕ. ವೈರ್ ಬ್ರಷ್‌ನಿಂದ ಜಂಗು ಕೆರೆದಾಗ ನಮ್ಮದರಲ್ಲಿ 15 ಮಿ.ಮೀ. ಎಂದು ಕಂಡಿತು. ನಾನು ಉತ್ಸಾಹದಿಂದ ವರ್ನಿಯರ್ ಹಿಡಿದೆ, 16.1 ಬಂತು. ‘ಕಾಕಾ, ಇನ್ನೂ ಒಂದು ಮಿಲಿಮೀಟರ್ ಐತ್ರಿ!’

ಕಾಕಾ ನಕ್ಕರು. ಗ್ಯಾರೇಜಿನ ಹುಡುಗರೂ ನಕ್ಕರು. ನಮ್ಮ ಬ್ಯಾಚಿನಲ್ಲಿ ಮೂವರೇ ಹುಡುಗಿಯರಿದ್ದೆವು, ಇಂಥ ನಗು ನನಗೆ ಹೊಸದಲ್ಲ. ಆದರೆ ಈ ಸಲ ನಗು ಬಂದದ್ದಕ್ಕೆ ಕಾರಣ ಇತ್ತು. ಪ್ಯಾಡು ಉಜ್ಜದ ಅಂಚಿನಲ್ಲಿ ಡಿಸ್ಕಿಗೆ ಸುತ್ತಲೂ ಒಂದು ದಂಡೆ ಉಳಿದಿರುತ್ತದೆ. ನನ್ನ ವರ್ನಿಯರಿನ ದವಡೆ ಕೂತದ್ದು ಆ ದಂಡೆಯ ಮೇಲೆ, ಸವೆದ ಜಾಗದ ಮೇಲಲ್ಲ. ಕಾಕಾ ಜೇಬಿನಿಂದ ಎರಡು ನಾಣ್ಯ ತೆಗೆದು, ಡಿಸ್ಕಿನ ಎರಡೂ ಬದಿಗೆ ಸವೆದ ಜಾಗದಲ್ಲಿ ಒಂದೊಂದು ಇಟ್ಟು, ‘ಈಗ ಅಳಿ’ ಅಂದರು. ನಾಣ್ಯ ಸೇರಿಸಿ ಅಳತೆ ಮಾಡಿ, ಆಮೇಲೆ ನಾಣ್ಯಗಳ ದಪ್ಪ ಕಳೆದೆ. 14.2. ಇನ್ನೂ ನಾಲ್ಕು ಕಡೆ ಅಳೆದೆ, ಎಲ್ಲೂ 14.4 ದಾಟಲಿಲ್ಲ. ಲೇಥ್ ಹೊಡೆಸುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಡಿಸ್ಕ್ ತೆಳ್ಳಗಾದಷ್ಟೂ ಶಾಖ ಹಿಡಿದುಕೊಳ್ಳುವ ಬೀಡು ಕಡಿಮೆಯಾಗುತ್ತದೆ, ಬೇಗ ಕಾಯುತ್ತದೆ, ಬಿರುಕು ಬಿಡುವ ಅಪಾಯವೂ ಇದೆ. ಒಂದನ್ನೇ ಬದಲಿಸುವಂತೆಯೂ ಇಲ್ಲ. ಎಡ ಬಲ ಎರಡೂ ಒಟ್ಟಿಗೆ ಬದಲಾಗಬೇಕು, ಇಲ್ಲವಾದರೆ ಬ್ರೇಕು ಒತ್ತಿದಾಗ ಕಾರು ಒಂದು ಕಡೆ ಎಳೆಯುತ್ತದೆ.

ಅಪ್ಪನ ಜೇಬಿನಲ್ಲಿದ್ದದ್ದು ಮೂರು ಸಾವಿರ. ಲೇಥಿನ ಲೆಕ್ಕ ಹಾಕಿಕೊಂಡು ತಂದದ್ದು. ‘ಹಣ ಹೊಂದಿಸಿ ಬರ್ತೀನಿ’ ಎಂದು ಹೊರಗೆ ಹೋದ. ನಾನು ಕಾಯುತ್ತ ಕೋಟೆಯೊಳಗೆ ಹೋಗಿ ಕಮಲ ಬಸದಿಯಲ್ಲಿ ಕೂತೆ. 1204ರಲ್ಲಿ ರಟ್ಟರ ಮಂತ್ರಿ ಬೀಚಿರಾಜ ಕಟ್ಟಿಸಿದ್ದು ಅದು. ಚಿಕ್ಕಂದಿನಿಂದ ನೋಡಿದ್ದರೂ ಆವತ್ತು ಕಣ್ಣು ಹೋದದ್ದು ಛತ್ತಿನ ಕಮಲಕ್ಕಲ್ಲ, ಕಂಬಗಳಿಗೆ. ಲೇಥಿಗೆ ಕೊಟ್ಟು ತಿರುಗಿಸಿದಂತೆ ನುಣುಪು, ಬಳೆ ಬಳೆಯಾಗಿ ಕೊರೆದ ಗೆರೆಗಳು. ಕಲ್ಲಿನಿಂದ ಎಷ್ಟು ತೆಗೆಯಬೇಕು ಎಂದು ಅವರಿಗೆ ಮೊದಲೇ ಗೊತ್ತಿದ್ದಿರಬೇಕು, ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲವಲ್ಲ. ನನ್ನ ಹತ್ತಿರ ಆರು ಸಾವಿರ ಇತ್ತು. ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗಿಗೆಂದು ಟ್ಯೂಷನ್ ಹೇಳಿ ಕೂಡಿಟ್ಟದ್ದು. ಅಪ್ಪ ಸಾಲ ಕೇಳಲು ಯಾರ ಹತ್ತಿರ ಹೋಗಿರುತ್ತಾನೆ ಎಂಬುದೂ ನನಗೆ ಗೊತ್ತಿತ್ತು. ಫೋನ್ ಮಾಡಿ ಕರೆದೆ. ಫೋನಿನಲ್ಲೇ ಸ್ವಲ್ಪ ಜಗಳವಾಯಿತು. ಅದನ್ನು ಬರೆಯುವ ಅಗತ್ಯವಿಲ್ಲ.

ಅಂಗಡಿಗೆ ನಾನೇ ಹೋದೆ, ಕಾಕಾ ಬರೆದುಕೊಟ್ಟ ಚೀಟಿ ಮತ್ತು ಆರ್‌ಸಿಯ ಫೋಟೊ ಹಿಡಿದು. ಒಂದೇ ಮಾಡೆಲಿಗೆ ವರ್ಷದಿಂದ ವರ್ಷಕ್ಕೆ ಡಿಸ್ಕಿನ ಅಳತೆ ಬದಲಾಗಿರಬಹುದು, ಹೆಸರು ಹೇಳಿದರೆ ಸಾಲದು. ಚಾಸಿ ನಂಬರ್ ಕೊಟ್ಟರೆ ಸರಿಯಾದ ಪಾರ್ಟ್ ನಂಬರ್ ಸಿಗುತ್ತದೆ. ಕೌಂಟರಿನ ಹುಡುಗ ನಾಲ್ಕು ಬಗೆ ತಂದಿಟ್ಟ. ಹೆಸರಿಲ್ಲದ್ದೊಂದು, ಜೋಡಿಗೆ 1,500. ಕಾರು ಕಂಪನಿಗಳಿಗೇ ಬ್ರೇಕ್ ಮಾಡಿಕೊಡುವ ತಯಾರಕರ ಡಬ್ಬಿಯದೊಂದು. ಕಾರು ಕಂಪನಿಯದೇ ಮುದ್ರೆಯದೊಂದು, ಎಲ್ಲಕ್ಕಿಂತ ದುಬಾರಿ. ನಾಲ್ಕನೆಯದನ್ನು ಅವನು ಬಲು ಪ್ರೀತಿಯಿಂದ ಬಿಚ್ಚಿದ. ತೂತು ತೂತು ಕೊರೆದು, ಗೆರೆ ಎಳೆದು, ಹೊಳೆಯುವ ಬಣ್ಣ ಬಳಿದ ಡಿಸ್ಕ್. ‘ರೇಸಿಂಗ್ ಮಾಲ್ ಮೇಡಂ, ಘಾಟಿಗೆ ಬೆಸ್ಟ್.’

ಘಾಟಿಗೆ ಅದು ಬೆಸ್ಟ್ ಅಲ್ಲ. ತೂತು ಕೊರೆದಷ್ಟೂ ಶಾಖ ಹಿಡಿಯುವ ಬೀಡು ಕಡಿಮೆ. ಮೇಲಾಗಿ ಮತ್ತೆ ಮತ್ತೆ ಕಾದು ಆರಿದಾಗ ಬಿರುಕು ಶುರುವಾಗುವುದೇ ತೂತಿನ ಅಂಚಿನಿಂದ. ನಮ್ಮ ಮುಂದಿನ ಡಿಸ್ಕು ಮೊದಲೇ ಗಾಳಿಗಂಡಿಯದ್ದು, ಅಂದರೆ ಎರಡು ಬಿಲ್ಲೆಗಳ ನಡುವೆ ಗಾಳಿ ಹಾಯುವ ಓಣಿಗಳಿರುವಂಥದ್ದು. ಟ್ಯಾಕ್ಸಿಗೆ ಅಷ್ಟು ಸಾಕು. ಹುಡುಗನಿಗೆ ಬೇಸರವಾಯಿತು, ನನಗೂ ಒಂದು ಕ್ಷಣ ಆಸೆಯಾಗಿತ್ತು ಅನ್ನಿ, ನೋಡಲು ಚೆಂದವಿತ್ತು.

ಉಳಿದ ಮೂರೂ ಒಂದೇ ಲೋಹ, ಗ್ರೇ ಕಾಸ್ಟ್ ಐರನ್. ನಮ್ಮ ಕಡೆ ಸುಮ್ಮನೆ ಬೀಡು ಅನ್ನುತ್ತೇವೆ. ಖಾನಾಪುರದಿಂದ ಕಾಲೇಜಿಗೆ ಬರುವ ಬಸ್ಸು ಉದ್ಯಮಬಾಗದ ಫೌಂಡ್ರಿಗಳ ಮುಂದೆಯೇ ಹಾಯುತ್ತಿತ್ತು. ಮರಳಿನ ಅಚ್ಚಿನಲ್ಲಿ ಇದೇ ಬೀಡು ಹೊಯ್ದು ಪಂಪಿನಿಂದ ಹಿಡಿದು ಎಂಜಿನ್ ಭಾಗಗಳ ತನಕ ಮಾಡಿ ದೇಶಕ್ಕೆಲ್ಲ ಕಳಿಸುವ ಊರು ನಮ್ಮದು. ಆ ಲೋಹದೊಳಗೆ ಗ್ರಾಫೈಟ್ ತೆಳುವಾದ ಹಾಳೆಗಳಂತೆ ಹರಡಿಕೊಂಡಿರುತ್ತದೆ. ಅದು ಶಾಖವನ್ನು ಬೇಗ ಸಾಗಿಸುತ್ತದೆ, ಕಂಪನವನ್ನು ಹೀರುತ್ತದೆ, ಅಗ್ಗವೂ ಹೌದು. ನೂರು ವರ್ಷದಲ್ಲಿ ಏನೇನೋ ಬಂದರೂ ಸಾಮಾನ್ಯ ಕಾರಿನ ಡಿಸ್ಕು ಬೀಡಿನಲ್ಲೇ ಉಳಿದದ್ದು ಇದಕ್ಕೇ. ಹಾಗಿದ್ದರೆ 1,500ರದ್ದು ಯಾಕೆ ಬೇಡ? ಒಳ್ಳೆಯ ಡಿಸ್ಕನ್ನು ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತದೆ, ಅದರ ಮೇಲೆ ತಯಾರಕರ ಗುರುತು ಮತ್ತು ಕನಿಷ್ಠ ದಪ್ಪದ ಅಂಕಿ ಎರಕದಲ್ಲೇ ಇರುತ್ತದೆ, ಒಳಗಿನ ಗಾಳಿ ಓಣಿಗಳು ಒಂದೇ ಸಮ ಇರುತ್ತವೆ. ಅಗ್ಗದ್ದರಲ್ಲಿ ಒಂದು ಬಿಲ್ಲೆ ದಪ್ಪ, ಇನ್ನೊಂದು ತೆಳು ಎಂಬುದು ಬರಿಗಣ್ಣಿಗೇ ಕಾಣುತ್ತಿತ್ತು, ಅಂಕಿ ಎಲ್ಲೂ ಇರಲಿಲ್ಲ. ನಾನು ಎರಡನೆಯ ಬಗೆ ಆರಿಸಿದೆ. ಕಾರು ಕಂಪನಿಯ ಮುದ್ರೆಯ ಡಬ್ಬಿಯೊಳಗಿನ ಮಾಲು ಎಷ್ಟೋ ಸಲ ಇಂಥ ತಯಾರಕರದ್ದೇ ಆಗಿರುತ್ತದೆ. ಡಿಸ್ಕಿನಲ್ಲಿ ಉಳಿಸಿದ ಹಣ ಪ್ಯಾಡಿಗೆ ಬೇಕಿತ್ತು.

ಪ್ಯಾಡಿನ ಆಯ್ಕೆ ಮಾತ್ರ ಅಷ್ಟು ಸಲೀಸಲ್ಲ. ಕಾರಿನ ಬ್ರೇಕಿಗೆ ಹೀಗೊಂದು ಸವೆಯುವ ಪದರ ಹಚ್ಚಿಸಿದ್ದರ ಹಿಂದೆ ಒಬ್ಬ ಹೆಣ್ಣುಮಗಳ ಕಥೆಯಿದೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಗಂಡನಿಗೆ ಹೇಳದೆ ಅವನು ಮಾಡಿದ ಮೋಟಾರು ಗಾಡಿ ತೆಗೆದುಕೊಂಡು, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟಳು. ಸುಮಾರು ನೂರು ಕಿ.ಮೀ. ದಾರಿ. ಇಳಿಜಾರುಗಳಲ್ಲಿ ಕಟ್ಟಿಗೆಯ ಬ್ರೇಕು ಸವೆದುಹೋದಾಗ ದಾರಿಯಲ್ಲೊಬ್ಬ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದಳು. ಇಂದಿನ ಬ್ರೇಕ್ ಲೈನಿಂಗಿನ ಮೂಲ ಅದೇ ಎನ್ನುತ್ತಾರೆ. (ಕಿರ್ಲೋಸ್ಕರ್ ಉದ್ಯಮ ತನ್ನ ಹುಟ್ಟಿದ ವರ್ಷವೆಂದು ಹೇಳಿಕೊಳ್ಳುವುದೂ ಇದೇ 1888ನ್ನೇ. ಅದು ಶುರುವಾದದ್ದು ನಮ್ಮ ಬೆಳಗಾವಿಯ ಸೈಕಲ್ ಅಂಗಡಿಯಿಂದ!)

ಈಗ ಚರ್ಮದ ಜಾಗದಲ್ಲಿ ಮೂರು ಬಗೆ ಸಿಗುತ್ತವೆ. ನಾರು, ರಬ್ಬರ್, ಅಂಟು ಸೇರಿದ ಆರ್ಗ್ಯಾನಿಕ್ ಪ್ಯಾಡು ಮೃದು, ಸದ್ದಿಲ್ಲ, ಡಿಸ್ಕಿಗೆ ಹಿತ. ಆದರೆ ಹೆಚ್ಚು ಕಾದರೆ ಸೋಲುತ್ತದೆ. ಉಕ್ಕಿನ ಎಳೆ ಬೆರೆಸಿದ ಸೆಮಿ ಮೆಟಾಲಿಕ್ ಶಾಖ ತಾಳುತ್ತದೆ, ಬದಲಿಗೆ ಒಂದಿಷ್ಟು ಕಿರ್ರೆನ್ನುತ್ತದೆ, ಡಿಸ್ಕನ್ನೂ ತಿನ್ನುತ್ತದೆ. ಸೆರಾಮಿಕ್ ಸ್ವಚ್ಛ, ಗಾಲಿಗೆ ಕಪ್ಪು ದೂಳು ಹಿಡಿಯುವುದಿಲ್ಲ, ದುಬಾರಿ. ಊರೊಳಗೇ ಓಡುವ ಕಾರಾಗಿದ್ದರೆ ನಾನು ಮೊದಲನೆಯದನ್ನೇ ತರುತ್ತಿದ್ದೆ. ವಾರಕ್ಕೆರಡು ಸಲ ಚೋರ್ಲಾ ಇಳಿಯುವ ಟ್ಯಾಕ್ಸಿಗೆ ಎರಡನೆಯದು ಬೇಕು ಅನಿಸಿತು.

ಡಬ್ಬಿಯ ಮೇಲಿನ ಜಾಹೀರಾತು ಬಿಟ್ಟು ಪ್ಯಾಡಿನ ಅಂಚು ಅಥವಾ ಬೆನ್ನು ನೋಡಿ. ಒಳ್ಳೆಯ ಕಂಪನಿಯದರ ಮೇಲೆ ಉದ್ದನೆಯ ಒಂದು ಗುರುತು ಸಾಲು ಇರುತ್ತದೆ, ಅದರಲ್ಲಿ ಎರಡು ಇಂಗ್ಲಿಷ್ ಅಕ್ಷರಗಳು ಜೋಡಿಯಾಗಿರುತ್ತವೆ. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿ ಎಷ್ಟು ಹಿಡಿಯುತ್ತದೆ ಎಂಬುದಕ್ಕೆ, ಎರಡನೆಯದು ಜೋರಾಗಿ ಕಾದಾಗ ಎಷ್ಟು ಎಂಬುದಕ್ಕೆ. ‘ಇ’ ಅಂದರೆ ಘರ್ಷಣೆಯ ಗುಣಾಂಕ 0.25ರಿಂದ 0.35, ‘ಎಫ್’ ಅಂದರೆ 0.35ರಿಂದ 0.45, ‘ಜಿ’ ಅಂದರೆ 0.45ರಿಂದ 0.55. ‘ಎಫ್‌ಇ’ ಎಂದಿದ್ದರೆ ತಣ್ಣಗಿದ್ದಾಗ ಚೆನ್ನಾಗಿ ಹಿಡಿದು, ಘಾಟಿನ ನಡುವೆ ಕಾದಾಗ ಕಡಿಮೆ ಹಿಡಿಯುತ್ತದೆ ಎಂದರ್ಥ. ‘ಎಫ್‌ಎಫ್’ ಇದ್ದರೆ ಎರಡೂ ಹೊತ್ತಿಗೆ ಒಂದೇ ದರ್ಜೆ. ಆ ಅಕ್ಷರ ಎಷ್ಟು ದಿನ ಬಾಳುತ್ತದೆ ಎಂದು ಹೇಳುವುದಿಲ್ಲ, ಗುಣಮಟ್ಟದ ಸರ್ಟಿಫಿಕೇಟೂ ಅಲ್ಲ. ಆದರೂ ಕೌಂಟರಿನಲ್ಲಿ ನಿಂತು ‘ಎರಡನೇ ಅಕ್ಷರ ಯಾವುದು?’ ಎಂದು ಕೇಳಿದ್ದೇ ತಡ, ಹುಡುಗ ಒಳಗೆ ಹೋಗಿ ಮಾಲೀಕರನ್ನು ಕರೆತಂದ. ಮಾಲೀಕರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಎಲ್ಲಿ ಕೆಲಸಾ ಮಾಡ್ತೀರಿ?’ ಅಂದರು. ಎಲ್ಲಿಯೂ ಇಲ್ಲ ಎಂದು ಹೇಳಲು ಸ್ವಲ್ಪ ಕಷ್ಟವಾಯಿತು.

ಬ್ರೇಕ್ಸ್ ಇಂಡಿಯಾ, ರಾಣೆಯಂಥ ಚೆನ್ನೈ ಮೂಲದ ಹಳೆಯ ಕಂಪನಿಗಳ ಪ್ಯಾಡು ಈಗ ಬೆಳಗಾವಿಯಲ್ಲೂ ಸಿಗುತ್ತವೆ, ಇಂಥದ್ದೇ ತಗೊಳ್ಳಿ ಎಂದು ನಾನು ಹೇಳುವುದಿಲ್ಲ. ಎಫ್‌ಎಫ್ ದರ್ಜೆಯ, ಆಸ್ಬೆಸ್ಟಾಸ್ ಇಲ್ಲ ಎಂದು ನಮೂದಿಸಿದ ಒಂದು ಸೆಟ್ ತಗೊಂಡೆ. ಆಸ್ಬೆಸ್ಟಾಸಿನ ದೂಳು ಪುಪ್ಪುಸಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ಗ್ಯಾರೇಜಿನಲ್ಲಿ ಕೆಲಸಕ್ಕಿರುವ ಗೆಳೆಯರು ಇದ್ದರೆ ಓದಿ ಹೇಳಿ, ಬ್ರೇಕಿನ ದೂಳನ್ನು ಗಾಳಿ ಪೈಪಿನಿಂದಲೋ ಬಾಯಿಂದಲೋ ಊದಬೇಡಿ, ಹಸಿ ಬಟ್ಟೆಯಿಂದ ಒರೆಸಿ. ಜೊತೆಗೆ ಸೀಲು ಒಡೆಯದ ಡಾಟ್ 4 ಆಯಿಲ್ ತಗೊಂಡೆ. ಡಾಟ್ 3 ಹಾಕುವ ನಮ್ಮ ಕಾರಿಗೆ ಅದು ನಡೆಯುತ್ತದೆ ಎಂದು ಕಾಕಾ ಚೀಟಿಯಲ್ಲಿ ಬರೆದಿದ್ದರು. ಬಿಲ್ ಕೇಳಿದೆ. ‘ಬಿಲ್ ಬೇಕಂದ್ರ ಜಿಎಸ್‌ಟಿ ಬೀಳ್ತದರಿ’ ಅಂದರು. ಬೀಳಲಿ ಅಂದೆ. ಬಿಲ್ ಇಲ್ಲದ ಪ್ಯಾಡಿನ ಖರ್ಚು ಎಷ್ಟೆಂದು ಎರಡು ದಿನದ ಹಿಂದೆ ನೋಡಿದ್ದೆನಲ್ಲ. ಎಲ್ಲ ಸೇರಿ ಏಳೂವರೆ ಸಾವಿರದ ಹತ್ತಿರ ಬಂತು.

ಜೋಡಿಸುವಾಗ ಕಾಕಾ ಎರಡು ಕೆಲಸ ನನ್ನ ಕೈಯಲ್ಲೇ ಮಾಡಿಸಿದರು. ಹೊಸ ಡಿಸ್ಕಿಗೆ ಜಂಗು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ, ಅದನ್ನು ಸೋಪು ನೀರಿನಿಂದ ತೊಳೆದು ಒಣಗಿಸಬೇಕು, ಇಲ್ಲವಾದರೆ ಆ ಎಣ್ಣೆಯನ್ನು ಹೊಸ ಪ್ಯಾಡು ಕುಡಿಯುತ್ತದೆ. ಇನ್ನೊಂದು, ಡಿಸ್ಕು ಕೂರುವ ಹಬ್ಬಿನ ಮುಖದ ಜಂಗನ್ನು ಪೂರ್ತಿ ಉಜ್ಜಿ ತೆಗೆಯುವುದು. ಅರ್ಧ ಗಂಟೆ ಉಜ್ಜಿದೆ, ಬೆರಳು ಕಪ್ಪಾದವು. ‘ಹೊಸಾ ಡಿಸ್ಕ್ ಹಾಕಿದ್ರೂ ಸ್ಟೇರಿಂಗ್ ನಡಗತದ, ಡಿಸ್ಕ್ ಬೆಂಡ್ ಐತಿ ಅಂತ ಜನಾ ಬೈತಾರ. ಬೆಂಡ್ ಇರೂದಿಲ್ಲ, ಹಬ್ಬಿನ ಮ್ಯಾಲೆ ಜಂಗ್ ಇರ್ತದ’ ಅಂದರು ಕಾಕಾ. ಹಬ್ಬಿನ ಮೇಲೆ ಕೂದಲೆಳೆಯಷ್ಟು ಜಂಗು ಉಳಿದರೆ ಡಿಸ್ಕು ಓರೆ ಕೂರುತ್ತದೆ, ತಿರುಗುವಾಗ ಓಲಾಡುತ್ತದೆ, ಕೆಲವು ಸಾವಿರ ಕಿ.ಮೀ. ಓಡುವಷ್ಟರಲ್ಲಿ ಒಂದು ಕಡೆ ದಪ್ಪ ಒಂದು ಕಡೆ ತೆಳು ಸವೆದು ನಡುಗಲು ಶುರು. ಜಾರು ಪಿನ್ನುಗಳಿಗೆ ಮಾಮೂಲಿ ಗ್ರೀಸ್ ಹಾಕದೆ ಬೇರೆ ಚಿಕ್ಕ ಟ್ಯೂಬಿನದು ಹಾಕಿದರು. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದಂತೆ.

ಮರುದಿನ ಬೆಳಿಗ್ಗೆ ಐದೂವರೆಗೆ, ಖಾನಾಪುರ ರಸ್ತೆಯಲ್ಲಿ ಹಾಲಿನ ಗಾಡಿಗಳು ಬಿಟ್ಟರೆ ಯಾರೂ ಇಲ್ಲದ ಹೊತ್ತಿನಲ್ಲಿ, ಪ್ಯಾಡು ಡಿಸ್ಕುಗಳ ಜೋಡಿ ಹೊಂದಿಸಲು ಹೊರಟೆವು. ಹಿಂದೆ ಮುಂದೆ ನೋಡಿ, ಅರವತ್ತರ ವೇಗದಿಂದ ಹದಿನೈದಕ್ಕೆ ಹದವಾಗಿ ಇಳಿಸುವುದು, ಪೂರ್ತಿ ನಿಲ್ಲಿಸಬಾರದು, ಸ್ವಲ್ಪ ದೂರ ಓಡಿಸಿ ಆರಲು ಬಿಡುವುದು, ಮತ್ತೆ ಇಳಿಸುವುದು. ಹೀಗೆ ಹತ್ತು ಸಲ. ಪ್ಯಾಡಿನ ತೆಳು ಪದರ ಡಿಸ್ಕಿನ ಮೇಲೆ ಒಂದೇ ಸಮ ಕೂರಲು ಇದು ಬೇಕು. ಅಪ್ಪನಿಗೆ ಇದು ಹುಚ್ಚಾಟ ಅನಿಸಿತ್ತು. ಐದನೇ ಸಲಕ್ಕೆ ಅವನೇ ಎಣಿಸತೊಡಗಿದ.

ಹಳೆಯ ಡಿಸ್ಕುಗಳನ್ನು ಗುಜರಿಯವನು ತೂಗಿ ಒಯ್ದ. ಉದ್ಯಮಬಾಗದ ಯಾವುದೋ ಕುಲುಮೆಗೆ ಅವು ಹೋಗಿರಬಹುದು. ಕೋಚಿಂಗಿಗೆ ನಾನಿನ್ನೂ ಸೇರಿಲ್ಲ. ವಾರಕ್ಕೆ ಮೂರು ದಿನ ಕಾಕಾನ ಗ್ಯಾರೇಜಿಗೆ ಹೋಗುತ್ತೇನೆ, ಸಂಬಳ ಅಂತ ಏನಿಲ್ಲ, ಬಸ್ ಚಾರ್ಜು, ಊಟ ಕೊಡುತ್ತಾರೆ. ಹುಡುಗರು ಈಗ ವರ್ನಿಯರ್ ಬೇಕಾದಾಗ ನನ್ನನ್ನೇ ಕರೆಯುತ್ತಾರೆ, ಎರಡು ನಾಣ್ಯ ಸದಾ ನನ್ನ ಜೇಬಿನಲ್ಲಿರುತ್ತವೆ. ಮತ್ತೊಂದು ಸಂದರ್ಶನದ ಪತ್ರ ಬಂದಿದೆ, ಈ ಸಲ ಊರ ಹತ್ತಿರವೇ, ಮಚ್ಛೆಯಲ್ಲಿ.

ಮೊನ್ನೆ ಅಪ್ಪ ಪಣಜಿಗೆ ಗಿರಾಕಿ ಕರೆದುಕೊಂಡು ಹೋಗಿದ್ದ. ಘಾಟು ಇಳಿಯುವ ಮೊದಲು ಕಣಕುಂಬಿಯ ಚಹಾದಂಗಡಿಯಿಂದ ಫೋನ್ ಮಾಡಿದ. ‘ಸೆಕೆಂಡ್‌ನ್ಯಾಗ ಇಳಸ್ತೀನಿ, ತಿಳೀತೇನ?’ ಅಂದ. ಆಮೇಲೆ ಸ್ವಲ್ಪ ತಡೆದು ಕೇಳಿದ, ‘ಮುಂದಿಂದ ಆತು. ಹಿಂದಿನ ಡ್ರಮ್ ಯಾವಾಗ ಬಿಚ್ಚೂದು?’